ಕಾಡ್ಗಿಚ್ಚು: ಅರಣ್ಯ ನಿರ್ವಹಣೆ, ಹವಾಮಾನ ಮತ್ತು ನಮ್ಮ ಬಯಲು ಸೀಮೆ



ಕಾಡ್ಗಿಚ್ಚಿನ ಬಗ್ಗೆ ಮಾತಾಡಲು ವಿಜಯಪುರದ ಈ ನೆಲವನ್ನು ಆರಿಸಿಕೊಂಡದ್ದು ಕೆಲವರಿಗೆ ವಿಚಿತ್ರವೆನಿಸಬಹುದು. ವಿಜಯಪುರ ಜಿಲ್ಲೆಯ ವಿಸ್ತೀರ್ಣ ಸುಮಾರು 10,500 ಚದರ ಕಿಲೋಮೀಟರ್. ರಾಜ್ಯದಲ್ಲಿ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಎರೆಹೊಲ, ಮಡ್ಡಿ, ಹಳ್ಳದ ದಂಡೆ, ಕಾಲುವೆಯ ಏರಿ ಇವೇ ನಮ್ಮ ಕಣ್ಣಿಗೆ ಬೀಳುವ ಭೂಮಿ. ಹೀಗಿದ್ದರೂ ಈ ವಿಷಯವನ್ನು ಇಲ್ಲಿಯೇ ಎತ್ತಿಕೊಳ್ಳಲು ನನಗೆ ಮೂರು ಕಾರಣಗಳಿವೆ. ಮೊದಲನೆಯದು, 2016ರಿಂದ ಈಚೆಗೆ ಕೋಟಿ ವೃಕ್ಷ ಅಭಿಯಾನದ ಹೆಸರಿನಲ್ಲಿ ಈ ಜಿಲ್ಲೆ ಗಿಡ ನೆಡುವ ಕೆಲಸಕ್ಕೆ ಗಟ್ಟಿಯಾಗಿ ಕೈಹಾಕಿದೆ. ಹೊಸದಾಗಿ ಕಾಡು ಬೆಳೆಸುವವರು ಹಳೆಯ ಕಾಡುಗಳು ಯಾಕೆ ಸುಟ್ಟವು ಎಂಬುದನ್ನು ಮೊದಲು ತಿಳಿಯಬೇಕು. ಎರಡನೆಯದು, ಪ್ರತಿ ಬೇಸಗೆಯಲ್ಲಿ ನಮ್ಮ ಹೊಲದ ಒಡ್ಡುಗಳಲ್ಲಿ, ಕಬ್ಬಿನ ಗದ್ದೆಗಳಲ್ಲಿ, ರಸ್ತೆ ಬದಿಯ ಮರಗಳ ಬುಡದಲ್ಲಿ ಏಳುವ ಬೆಂಕಿಗೂ ಕಾಡಿನ ಬೆಂಕಿಗೂ ಸಂಬಂಧವಿದೆ. ಮೂರನೆಯದು, ಬಂಡೀಪುರವನ್ನು ಒಣಗಿಸುವ ಬಿಸಿಲೇ ಸಿಂದಗಿಯ ಮಡ್ಡಿಯನ್ನೂ ಒಣಗಿಸುತ್ತದೆ.

ನನ್ನ ಮಾತನ್ನು ನಾಲ್ಕು ಭಾಗಗಳಾಗಿ ಇಟ್ಟುಕೊಂಡಿದ್ದೇನೆ. ಬೆಂಕಿ ಹೇಗೆ ಹುಟ್ಟಿ ಹಬ್ಬುತ್ತದೆ ಎಂಬುದನ್ನು ಮೊದಲು ಚುಟುಕಾಗಿ ಹೇಳುತ್ತೇನೆ. ಕಾಡನ್ನು ನಾವು ನೋಡಿಕೊಂಡ ರೀತಿ ಬೆಂಕಿಗೆ ಹೇಗೆ ನೆರವಾಯಿತು ಎಂಬುದು ಎರಡನೆಯ ಭಾಗ. ಹವಾಮಾನದ ಪಾತ್ರ ಮೂರನೆಯದು. ಕೊನೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎಂಬ ನಮ್ಮ ನಾಲ್ಕು ತಾಲೂಕುಗಳ ಸ್ಥಿತಿ ಮತ್ತು ನಮ್ಮಿಂದ ಆಗಬೇಕಾದ ಕೆಲಸ.

ಬೆಂಕಿಯ ಸ್ವಭಾವ

ಬೆಂಕಿ ಹೊತ್ತಲು ಉರಿಯುವ ವಸ್ತು, ಗಾಳಿ ಮತ್ತು ಶಾಖ ಬೇಕು ಎಂಬುದನ್ನು ಶಾಲೆಯಲ್ಲೇ ಓದಿದ್ದೇವೆ. ಹೊತ್ತಿದ ಬೆಂಕಿ ಎಷ್ಟು ದೂರ, ಎಷ್ಟು ವೇಗವಾಗಿ ಹೋಗುತ್ತದೆ ಎಂಬುದನ್ನು ನಿರ್ಧರಿಸುವ ಸಂಗತಿಗಳೂ ಮೂರು: ಅಲ್ಲಿ ಬಿದ್ದಿರುವ ಇಂಧನ, ಆ ದಿನದ ಹವೆ, ಮತ್ತು ನೆಲದ ಏರು ತಗ್ಗು.

ಇಂಧನವೆಂದರೆ ಇಲ್ಲಿ ಒಣಹುಲ್ಲು, ತರಗೆಲೆ, ಕಡ್ಡಿ, ಪೊದೆ, ಬಿದ್ದ ಮರ ಎಲ್ಲವೂ. ಇವೆಲ್ಲ ಒಂದೇ ವೇಗದಲ್ಲಿ ಒಣಗುವುದಿಲ್ಲ. ಹುಲ್ಲು ಮತ್ತು ಎಲೆಯಂಥ ತೆಳುವಾದ ಇಂಧನ ಸುತ್ತಲಿನ ಗಾಳಿಯ ತೇವಕ್ಕೆ ಒಂದು ತಾಸಿನೊಳಗೆ ಹೊಂದಿಕೊಳ್ಳುತ್ತದೆ. ಬೆಳಿಗ್ಗೆ ಇಬ್ಬನಿಯಲ್ಲಿ ಮೆತ್ತಗಿದ್ದ ಹುಲ್ಲು ಮಧ್ಯಾಹ್ನದ ಹೊತ್ತಿಗೆ ಕಿಡಿ ತಾಗಿದರೆ ಸಾಕು ಎನ್ನುವಂತಾಗುತ್ತದೆ. ದಪ್ಪ ದಿಮ್ಮಿ ಒಣಗಲು ವಾರಗಟ್ಟಲೆ ಬೇಕು. ಆದರೆ ಒಮ್ಮೆ ಹೊತ್ತಿತೆಂದರೆ ದಿನಗಟ್ಟಲೆ ಒಳಗೊಳಗೇ ಉರಿಯುತ್ತದೆ. ಹುಲ್ಲಿನ ಬೆಂಕಿ ಬೇಗ ಬಂದು ಬೇಗ ಹೋದರೆ ಪೊದೆ ಮತ್ತು ದಿಮ್ಮಿಯ ಬೆಂಕಿ ನಿಂತು ಸುಡುತ್ತದೆ.

ನೆಲದ ಏರಿಳಿತವೂ ಮುಖ್ಯ. ಬೆಂಕಿ ಗುಡ್ಡ ಹತ್ತುವಾಗ ಜ್ವಾಲೆ ಮುಂದಿನ ಹುಲ್ಲಿನ ಕಡೆಗೇ ಬಾಗಿರುತ್ತದೆ, ಅದನ್ನು ಮುಂಚೆಯೇ ಕಾಯಿಸಿ ಒಣಗಿಸಿಬಿಡುತ್ತದೆ. ಏರು 10 ಡಿಗ್ರಿಯಷ್ಟು ಕಡಿದಾದರೆ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಅಗ್ನಿಶಾಸ್ತ್ರದವರ ಲೆಕ್ಕ. ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಬೇಸಗೆಯಲ್ಲಿ ಬುಡಕ್ಕೆ ಬಿದ್ದ ಬೆಂಕಿಯನ್ನು ನೆತ್ತಿಗೆ ಮುಟ್ಟುವ ಮುಂಚೆ ತಡೆಯುವುದು ಕಷ್ಟವಾಗುವುದು ಈ ಕಾರಣಕ್ಕೆ.

ಇನ್ನು ಕಿಡಿ. ಮರಕ್ಕೆ ಮರ ಉಜ್ಜಿ, ಬಿದಿರಿಗೆ ಬಿದಿರು ತಿಕ್ಕಿ ಬೆಂಕಿ ಹುಟ್ಟುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವವಾಗಿ ನಮ್ಮ ದೇಶದ ಕಾಡಿನ ಬೆಂಕಿಗಳಲ್ಲಿ ಬಹುಪಾಲು ಮನುಷ್ಯನ ಕೈಯಿಂದಲೇ ಬಂದವು. ಎಳೆ ಹುಲ್ಲು ಚಿಗುರಲೆಂದು ದನಗಾಹಿಗಳು ಹಚ್ಚಿದ್ದು, ಒಡ್ಡು ಸುಡಲು ಹೋಗಿ ಕೈತಪ್ಪಿದ್ದು, ಬೀಡಿಯ ತುಂಡು, ಅಡುಗೆಯ ಒಲೆ, ವಿದ್ಯುತ್ ತಂತಿಯ ಕಿಡಿ, ಕೆಲವೊಮ್ಮೆ ಹಗೆತನ. ಆದರೆ ಕಿಡಿ ಹಚ್ಚಿದವನನ್ನು ಹಿಡಿದು ಶಿಕ್ಷಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಂದು ಕಿಡಿ ಕೆಲವು ಗಜ ಉರಿದು ಆರುವುದೂ ಸಾವಿರಾರು ಎಕರೆ ತಿನ್ನುವುದೂ ಆ ಕಿಡಿಗೆ ಮುಂಚಿನ ವರ್ಷಗಳಲ್ಲೇ ತೀರ್ಮಾನವಾಗಿರುತ್ತದೆ. ನನ್ನ ಇಂದಿನ ಮಾತಿನ ತಿರುಳು ಇದೇ. ಇಂಧನವನ್ನು ಕೂಡಿಹಾಕುವುದು ನಮ್ಮ ನಿರ್ವಹಣೆ, ಅದನ್ನು ಒಣಗಿಸುವುದು ಹವಾಮಾನ, ಹೊತ್ತಿಸುವುದು ನಮ್ಮ ಕೈ. ಈ ಮೂರರಲ್ಲಿ ಎರಡು ನಮ್ಮ ಹಿಡಿತದಲ್ಲಿವೆ.

ಕಾಡಿನ ನಿರ್ವಹಣೆಯ ಪಾಠಗಳು

ಈಗ ಎರಡನೆಯ ಭಾಗಕ್ಕೆ ಬರುತ್ತೇನೆ. ಭಾರತದಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ. ಬ್ರಿಟಿಷ್ ಸರ್ಕಾರಕ್ಕೆ ರೈಲು ಹಳಿಯ ದಿಮ್ಮಿಗೆ, ಹಡಗಿಗೆ, ಕಟ್ಟಡಕ್ಕೆ ಮರ ಬೇಕಾಗಿತ್ತು. ಬೆಂಕಿ ಬಿದ್ದರೆ ಮರ ಹಾಳು. ಆದ್ದರಿಂದ ಬೆಂಕಿಯನ್ನು ಪೂರ್ತಿ ನಿಲ್ಲಿಸಬೇಕು ಎಂದು ಅವರು ಲೆಕ್ಕ ಹಾಕಿದರು. ಅದೇ ದಶಕದಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಕರ್ನಲ್ ಪಿಯರ್‌ಸನ್ ಎಂಬ ಅಧಿಕಾರಿ ಬೆಂಕಿ ತಡೆಯುವ ಮೊದಲ ದೊಡ್ಡ ಪ್ರಯತ್ನ ನಡೆಸಿದರು. ಅದು ಮಾದರಿಯಾಯಿತು. 1878ರ ಮತ್ತು 1927ರ ಅರಣ್ಯ ಕಾಯ್ದೆಗಳಲ್ಲಿ ಕಾಯ್ದಿಟ್ಟ ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧವಾಯಿತು. ನಮ್ಮ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಅದೇ ದಾರಿಯಲ್ಲಿ ನಡೆಯಿತು.

ಕಾನೂನಿನ ಉದ್ದೇಶವನ್ನು ನಾನು ಹಳಿಯುತ್ತಿಲ್ಲ. ಪ್ರತಿ ವರ್ಷ ಬೆಂಕಿ ಬಿದ್ದರೆ ಸಸಿಗಳು ಉಳಿಯುವುದಿಲ್ಲ. ದೊಡ್ಡ ಮರಗಳಷ್ಟೇ ನಿಂತು, ಅವು ಸತ್ತ ಮೇಲೆ ಜಾಗ ತುಂಬುವ ಮರಿಗಳಿಲ್ಲದಂತಾಗುತ್ತದೆ. ಆದರೆ ಬೆಂಕಿ ಸಂಪೂರ್ಣ ನಿಂತ ಕಡೆ ಬೇರೊಂದು ತೊಂದರೆ ಶುರುವಾಯಿತು. 20ನೇ ಶತಮಾನದ ಆರಂಭದಲ್ಲೇ ಬರ್ಮಾದ ಅರಣ್ಯಾಧಿಕಾರಿಗಳು, ಬೆಂಕಿ ತಡೆದ ಕಾಡಿನಲ್ಲಿ ತೇಗದ ಮರಿಗಳು ಮೇಲೇಳುತ್ತಿಲ್ಲ ಎಂಬ ವಾದ ಮುಂದಿಟ್ಟರು. ಆ ಚರ್ಚೆ ನಡೆದರೂ ಬೆಂಕಿಯೆಂದರೆ ಶತ್ರು ಎಂಬ ಭಾವನೆ ಇಲಾಖೆಗಳ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿಯಿತು.

ಅಮೆರಿಕದಲ್ಲೂ ಹೀಗೆಯೇ ಆಯಿತು. 1910ರಲ್ಲಿ ಅಲ್ಲಿನ ವಾಯವ್ಯ ಭಾಗದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟು, 80ಕ್ಕೂ ಹೆಚ್ಚು ಜನ ಸತ್ತರು. ಆ ಆಘಾತದಿಂದ ಹುಟ್ಟಿದ ನೀತಿ 1935ರ ಹೊತ್ತಿಗೆ ಒಂದು ಕಟ್ಟುನಿಟ್ಟಾದ ನಿಯಮವಾಯಿತು: ಯಾವುದೇ ಬೆಂಕಿಯನ್ನು ಕಂಡ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕು. ನಾಲ್ಕು ದಶಕ ಈ ನಿಯಮ ನಡೆಯಿತು. ಸಣ್ಣ ಬೆಂಕಿಗಳು ನಿಂತವು, ಕಾಡಿನ ತಳದಲ್ಲಿ ಒಣಕಸ ಏರುತ್ತಾ ಹೋಯಿತು. 1970ರ ದಶಕದಲ್ಲಿ ಆ ನಿಯಮವನ್ನು ಕೈಬಿಟ್ಟರೂ ಕೂಡಿಬಿದ್ದ ಇಂಧನ ಇಂದಿಗೂ ಅವರನ್ನು ಕಾಡುತ್ತಿದೆ. ಬ್ಯಾಂಕಿನ ಸಾಲಕ್ಕೆ ಬಡ್ಡಿ ಬೆಳೆದಂತೆ ತಡೆದಿಟ್ಟ ಬೆಂಕಿಗೂ ಬಡ್ಡಿ ಬೆಳೆಯುತ್ತದೆ, ಮುಂದೊಂದು ದಿನ ಅದು ಅಸಲಿನ ಜೊತೆ ವಸೂಲಾಗುತ್ತದೆ.

ನಮ್ಮ ರಾಜ್ಯದ ಉದಾಹರಣೆ ಇದಕ್ಕಿಂತ ಹತ್ತಿರದ್ದು, ಹೆಚ್ಚು ಬೋಧಕವಾದದ್ದು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಲೆತಲಾಂತರದಿಂದ ಬದುಕಿದ್ದಾರೆ. ಅವರಲ್ಲಿ ‘ತರಗು ಬೆಂಕಿ’ ಎಂಬ ಪದ್ಧತಿ ಇತ್ತು. ಚಳಿಗಾಲ ಮುಗಿಯುವ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವ ಇರುವಾಗಲೇ, ಬಿದ್ದ ತರಗೆಲೆಗೆ ಬೆಂಕಿ ಕೊಡುತ್ತಿದ್ದರು. ಮೊಣಕಾಲೆತ್ತರಕ್ಕೂ ಏರದ ಆ ತಂಪು ಬೆಂಕಿ ತರಗನ್ನು ತಿಂದು, ಉಣ್ಣೆ ಹುಳುಗಳನ್ನು ಕಡಿಮೆ ಮಾಡಿ, ಹುಲ್ಲಿಗೆ ಜಾಗ ಬಿಟ್ಟು ಆರಿಹೋಗುತ್ತಿತ್ತು. 1974ರಲ್ಲಿ ಆ ಬೆಟ್ಟ ವನ್ಯಧಾಮವಾಯಿತು. ತರಗು ಬೆಂಕಿ ನಿಂತಿತು. ಮುಂದಿನ ದಶಕಗಳಲ್ಲಿ ಬೆಟ್ಟದ ತಳವನ್ನೆಲ್ಲ ಲಂಟಾನ ಆಕ್ರಮಿಸಿತು, ನೆಲ್ಲಿ ಮರಗಳ ಮೇಲೆ ಬದನಿಕೆಯ ಕಾಟ ಹೆಚ್ಚಿತು. ಸಣ್ಣ ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಎಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. ಅದೇ ಸಮುದಾಯದಲ್ಲಿ ಹುಟ್ಟಿ ಸಂಶೋಧಕರಾದ ಸಿ. ಮಾದೇಗೌಡರು ಈ ತಿಳಿವನ್ನು ವಿಜ್ಞಾನದ ವೇದಿಕೆಗೆ ತಂದವರಲ್ಲಿ ಪ್ರಮುಖರು.

ಲಂಟಾನ 19ನೇ ಶತಮಾನದ ಆರಂಭದಲ್ಲಿ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದ ಅಮೆರಿಕ ಖಂಡದ ಪೊದೆ. ಅದು ಬೆಂಕಿಯ ಸ್ವರೂಪವನ್ನೇ ಬದಲಿಸುತ್ತದೆ. ಹುಲ್ಲಿನ ಬೆಂಕಿ ನೆಲಮಟ್ಟದಲ್ಲಿ ಓಡಿದರೆ, ಆಳೆತ್ತರ ಬೆಳೆದ ಲಂಟಾನದ ಪೊದೆ ಬೆಂಕಿಯನ್ನು ಏಣಿ ಹತ್ತಿಸಿದಂತೆ ಮರದ ಕೊಂಬೆಗೆ ಮುಟ್ಟಿಸುತ್ತದೆ. ಬೆಂಕಿ ಬಿದ್ದ ಮೇಲೆ ಮೊದಲು ಚಿಗುರುವುದೂ ಅದೇ. ಲಂಟಾನದಿಂದ ಬೆಂಕಿ, ಬೆಂಕಿಯಿಂದ ಮತ್ತಷ್ಟು ಲಂಟಾನ ಎಂಬ ಈ ಚಕ್ರದ ಬಗ್ಗೆ ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ 2005ರಲ್ಲೇ ಬರೆದರು. ಹಾಗಾಗಿ ಬೆಂಕಿ ನಿಂತದ್ದೊಂದೇ ಲಂಟಾನ ಹಬ್ಬಲು ಕಾರಣ ಎಂದು ಹೇಳಿದರೆ ಪೂರ್ಣ ಸತ್ಯವಾಗದು. ಮರ ಕಡಿದು ಬಿಸಿಲು ನೆಲಕ್ಕೆ ಬಿದ್ದದ್ದು, ಹೂಬಿಟ್ಟು ಸತ್ತ ಬಿದಿರಿನ ಮೆಳೆಗಳ ಜಾಗ ತೆರವಾದದ್ದು, ದನಗಳನ್ನು ಅತಿಯಾಗಿ ಮೇಯಿಸಿದ್ದು, ಇವೆಲ್ಲವೂ ಸೇರಿವೆ.

ಇದರ ಎದುರು ಬದಿಯನ್ನೂ ನೋಡಬೇಕು. ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೆಯಲ್ಲಿ 1910ರಿಂದ 1921ರ ಅವಧಿಯಲ್ಲಿ ಒಂದು ಜಾಗಕ್ಕೆ ಮತ್ತೆ ಬೆಂಕಿ ಬೀಳಲು ಸರಾಸರಿ 10 ವರ್ಷ ಹಿಡಿಯುತ್ತಿತ್ತು. 1989ರಿಂದ 2002ರ ಅವಧಿಯಲ್ಲಿ ಆ ಅಂತರ 3.3 ವರ್ಷಕ್ಕೆ ಇಳಿದಿತ್ತು. ಎಂದರೆ ನಿಷೇಧದ ಕಾನೂನು ಬಲವಾಗಿದ್ದ ಕಾಲದಲ್ಲೇ ಅಲ್ಲಿ ಬೆಂಕಿ ಹೆಚ್ಚಾಯಿತು. ಒಂದು ಕಡೆ ಬೇಕಾದ ತಂಪು ಬೆಂಕಿ ನಿಂತಿತು, ಇನ್ನೊಂದು ಕಡೆ ಬೇಡವಾದ ಬಿಸಿ ಬೆಂಕಿ ಮೂರು ಪಟ್ಟು ಬೇಗ ಬೇಗ ಬಂತು. ಯಾವಾಗ, ಎಲ್ಲಿ, ಎಷ್ಟು ಎಂಬುದನ್ನು ಬಲ್ಲ ಜನರನ್ನು ಕಾಡಿನಿಂದ ದೂರವಿಟ್ಟಾಗ ಬೆಂಕಿಯ ಹೊಣೆ ಯಾರದೂ ಅಲ್ಲದಂತಾಗುತ್ತದೆ.

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನಲ್ಲಿ ಹಬ್ಬಿದ ಬೆಂಕಿ ದಿನಗಟ್ಟಲೆ ಉರಿಯಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಉಪಗ್ರಹದ ಚಿತ್ರಗಳನ್ನು ನೋಡಿ ಹೇಳಿದ ಲೆಕ್ಕದಂತೆ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು. ಅದಕ್ಕೆ ಎರಡು ವರ್ಷ ಮುಂಚೆ, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಯುವ ಅರಣ್ಯ ರಕ್ಷಕ ಪ್ರಾಣ ಕಳೆದುಕೊಂಡರು. ನಮ್ಮ ಕಾಡಿನಲ್ಲಿ ಬೆಂಕಿಯ ಎದುರು ನಿಲ್ಲುವವರು ಹಸಿ ಸೊಪ್ಪಿನ ಟೊಂಗೆ ಹಿಡಿದು ಬಡಿಯುವ ರಕ್ಷಕರು ಮತ್ತು ದಿನಗೂಲಿಯ ಫೈರ್ ವಾಚರುಗಳು. ಅವರಲ್ಲಿ ಬಹಳಷ್ಟು ಮಂದಿ ಕಾಡಿನ ಅಂಚಿನ ಬಡ ಕುಟುಂಬಗಳವರು. ಬೆಂಕಿ ಬಂದಾಗ ಹೆಲಿಕಾಪ್ಟರ್ ತರಿಸುವ ದೇಶ, ಬೆಂಕಿ ಬರುವ ಮುಂಚೆ ಇವರ ಕೈಗೆ ಒಳ್ಳೆಯ ಸಲಕರಣೆ, ಬೂಟು, ವಿಮೆ, ತಪ್ಪದ ಸಂಬಳ ಕೊಡಲೇಬೇಕು. ಇದು ಅರಣ್ಯ ನಿರ್ವಹಣೆಯ ಮೊದಲ ಪಾಠ.

ಹವಾಮಾನದ ಪಾತ್ರ

ಮೂರನೆಯ ಭಾಗಕ್ಕೆ ಬರೋಣ. ಬಿಸಿ ಗಾಳಿ ಯಾಕೆ ಅಪಾಯ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಗಾಳಿಯ ನೀರು ಹಿಡಿಯುವ ಸಾಮರ್ಥ್ಯ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. 30 ಡಿಗ್ರಿಯ ಗಾಳಿಯಲ್ಲಿ ಶೇಕಡ 50ರಷ್ಟು ಆರ್ದ್ರತೆ ಇದೆ ಎಂದುಕೊಳ್ಳಿ. ನೀರು ಅಷ್ಟೇ ಇದ್ದು ಬಿಸಿ ಮಾತ್ರ 40 ಡಿಗ್ರಿಗೆ ಏರಿದರೆ ಆ ಆರ್ದ್ರತೆ ಶೇಕಡ 30ಕ್ಕಿಂತ ಕೆಳಗೆ ಬೀಳುತ್ತದೆ. ಹಸಿದ ಆ ಗಾಳಿ ನೆಲದಿಂದ, ಎಲೆಯಿಂದ, ಹುಲ್ಲಿನಿಂದ ತೇವ ಹೀರುತ್ತದೆ. ವಿಜಯಪುರದ ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ ಸಂಗತಿ. ಆ ದಿನಗಳಲ್ಲಿ ನಮ್ಮ ಮಡ್ಡಿಯ ಹುಲ್ಲಿನ ಸ್ಥಿತಿ ಏನಿರುತ್ತದೆ ಎಂಬುದನ್ನು ಇದರಿಂದ ಊಹಿಸಬಹುದು.

ಭೂಮಿ ಕಾಯುತ್ತಿದೆ ಎಂಬುದರಲ್ಲಿ ಈಗ ಸಂಶಯ ಉಳಿದಿಲ್ಲ. 19ನೇ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011ರಿಂದ 2020ರ ದಶಕದಲ್ಲಿ ಜಗತ್ತಿನ ಸರಾಸರಿ ಉಷ್ಣಾಂಶ ಸುಮಾರು 1.1 ಡಿಗ್ರಿ ಹೆಚ್ಚಿತ್ತು. ಭಾರತದ ಸರಾಸರಿ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಅಂಕಿ ಚಿಕ್ಕದಾಗಿ ಕಂಡರೂ ಅದು ವರ್ಷದ ಎಲ್ಲ ದಿನಗಳ ಸರಾಸರಿ. ಸರಾಸರಿ ಅಷ್ಟು ಏರಿದಾಗ ಉರಿಬಿಸಿಲಿನ ದಿನಗಳ ಸಂಖ್ಯೆ ಬಹಳ ಹೆಚ್ಚುತ್ತದೆ, ಬೆಂಕಿಯ ಕಾಲ ಬೇಗ ಶುರುವಾಗಿ ತಡವಾಗಿ ಮುಗಿಯುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಬರಗಾಲವಿದ್ದರೆ ಮಾತ್ರ ಕಾಡು ಸುಡುತ್ತದೆ ಎಂದು ನಾವು ತಿಳಿಯುತ್ತೇವೆ. ಹುಲ್ಲುಗಾವಲು ಮತ್ತು ಕುರುಚಲು ಕಾಡಿನಲ್ಲಿ ಸತತ ಬರ ಬಿದ್ದರೆ ಹುಲ್ಲೇ ಹುಟ್ಟುವುದಿಲ್ಲ, ಸುಡಲು ಏನೂ ಇರುವುದಿಲ್ಲ. ಅತಿ ಅಪಾಯದ ವರ್ಷವೆಂದರೆ ಒಳ್ಳೆಯ ಮಳೆಯಾಗಿ ಹುಲ್ಲು ಎದೆಮಟ್ಟ ಬೆಳೆದು, ಅದರ ಹಿಂದೆಯೇ ಹಿಂಗಾರಿ ಕೈಕೊಟ್ಟು ಎಲ್ಲ ಒಣಗಿ ನಿಲ್ಲುವ ವರ್ಷ. 2018ರಲ್ಲಿ ನಮ್ಮ ರಾಜ್ಯದ ಹಿಂಗಾರು ಮಳೆ ತೀವ್ರವಾಗಿ ಕಡಿಮೆಯಾಗಿತ್ತು. ಬಂಡೀಪುರ ಸುಟ್ಟದ್ದು ಅದರ ಬೆನ್ನಿಗೇ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ನಗರದ ಅಂಚಿನಲ್ಲಿ ಆದದ್ದೂ ಹೀಗೆಯೇ. ಅದಕ್ಕೆ ಹಿಂದಿನ ಎರಡು ಚಳಿಗಾಲಗಳಲ್ಲಿ ಅಲ್ಲಿ ಭಾರಿ ಮಳೆಯಾಗಿ ಪೊದೆಗಳು ಸೊಂಪಾಗಿ ಬೆಳೆದಿದ್ದವು. 2024ರ ಮೇ ನಂತರ ಎಂಟು ತಿಂಗಳು ಮಳೆ ಬಹುತೇಕ ಬರಲಿಲ್ಲ. ಬೆಟ್ಟದ ಕಡೆಯಿಂದ ಒಣಗಾಳಿ ಬೀಸಿದ ದಿನ ಸಾವಿರಾರು ಮನೆಗಳು ಬೂದಿಯಾದವು.

ಹವಾಮಾನ ಬದಲಾವಣೆ ನಮಗೆ ಕೊಡುತ್ತಿರುವುದು ಇಂಥ ತೊಯ್ದಾಟವನ್ನೇ. ವಾರದ ಮಳೆ ಒಂದೇ ದಿನದಲ್ಲಿ ಸುರಿಯುತ್ತದೆ, ಆಮೇಲೆ ತಿಂಗಳುಗಟ್ಟಲೆ ಮೋಡವಿಲ್ಲ. 2023ರಲ್ಲಿ ಎಲ್ ನಿನೋ ಪ್ರಭಾವದಲ್ಲಿ ಮುಂಗಾರು ಸೋತು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅದಕ್ಕೆ ಹಿಂದಿನ ವರ್ಷ ರಾಜ್ಯದಲ್ಲಿ ವಾಡಿಕೆಗಿಂತ ಹೆಚ್ಚು ಮಳೆಯಾಗಿತ್ತು. ನಮ್ಮ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಸುತ್ತಮುತ್ತ ಬೀಳುವಂಥದ್ದು. ಅಕ್ಟೋಬರ್ ಮಳೆ ಬಂತೋ ಇಲ್ಲವೋ ಎಂಬುದರ ಮೇಲೆ ನಮ್ಮ ಬಿಳಿಜೋಳ, ಕಡಲೆಯ ಭವಿಷ್ಯ ನಿಂತಿರುವಂತೆ ಮಾರ್ಚ್ ತಿಂಗಳ ಬೆಂಕಿಯ ಭವಿಷ್ಯವೂ ನಿಂತಿದೆ. ಆದ್ದರಿಂದ ಬೇಸಗೆಯಲ್ಲಿ ಬೆಂಕಿ ಬೀಳುವುದೇ ಎಂಬ ಪ್ರಶ್ನೆಯನ್ನು ದೀಪಾವಳಿಯ ಹೊತ್ತಿಗೇ ಕೇಳಿಕೊಳ್ಳಬೇಕು.

ನಮ್ಮ ನಾಲ್ಕು ತಾಲೂಕುಗಳು

ಈಗ ಕೊನೆಯ ಮತ್ತು ಮುಖ್ಯವಾದ ಭಾಗ. ಇಂಡಿ ಮತ್ತು ಸಿಂದಗಿಗೆ ಭೀಮೆ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಸೀಮೆಗೆ ಕೃಷ್ಣೆ, ನಡುವೆ ಡೋಣಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಅಣೆಕಟ್ಟು, ಮುಂದೆ ಬಂದ ಮುಳವಾಡ, ಚಿಮ್ಮಲಗಿ, ಗುತ್ತಿಬಸವಣ್ಣ ಏತ ನೀರಾವರಿಗಳು ಈ ಒಣನೆಲಕ್ಕೆ ನೀರು ತಂದವು. ನೀರಿನ ಹಿಂದೆ ಕಬ್ಬು ಬಂತು, ಲಿಂಬೆ ತೋಟ ಬಂತು. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನೀರಾವರಿಯೊಂದಿಗೆ ಬೆಂಕಿಯ ಒಂದು ಹೊಸ ಬಗೆಯೂ ಬಂತು. ಅದು ಕಬ್ಬಿನ ರವದಿ ಸುಡುವುದು.

ಕಬ್ಬು ಕಡಿದ ಮೇಲೆ ಪ್ರತಿ ಎಕರೆಯಲ್ಲಿ ಟನ್‌ಗಟ್ಟಲೆ ರವದಿ ಉಳಿಯುತ್ತದೆ. ಕುಳೆ ಬೇಗ ಚಿಗುರಲಿ, ನೀರು ಹಾಯಿಸಲು ಅಡ್ಡಿಯಾಗದಿರಲಿ, ಆಳಿನ ಖರ್ಚು ಉಳಿಯಲಿ ಎಂದು ಬೆಂಕಿ ಕೊಡುತ್ತೇವೆ. ರೈತರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಲೆಕ್ಕ ಮಾಡಿ ನೋಡಿ: ರವದಿಯಲ್ಲಿದ್ದ ಸಾರಜನಕದ ಬಹುಭಾಗ ಹೊಗೆಯಾಗಿ ಹೋಗುತ್ತದೆ. ಮೊದಲೇ ಸಾವಯವ ಇಂಗಾಲ ಕಡಿಮೆಯಿರುವ ನಮ್ಮ ಎರೆಭೂಮಿ ಇನ್ನಷ್ಟು ಬಡವಾಗುತ್ತದೆ. ಸುಟ್ಟು ಕಳೆದದ್ದನ್ನೇ ಮರುತಿಂಗಳು ಯೂರಿಯಾ ಚೀಲದ ರೂಪದಲ್ಲಿ ದುಡ್ಡು ಕೊಟ್ಟು ತರುತ್ತೇವೆ. ಮೇಲಾಗಿ ಆ ಬೆಂಕಿ ಪಕ್ಕದವರ ಕಬ್ಬಿಗೆ, ಲಿಂಬೆ ತೋಟಕ್ಕೆ, ಕಣಿಕೆಯ ಬಣವಿಗೆ ಹಾರಿದ ಘಟನೆಗಳು ಪ್ರತಿ ಊರಿಗೂ ಗೊತ್ತು. ರವದಿಯನ್ನು ಸಾಲು ಬಿಟ್ಟು ಸಾಲು ಹೊದಿಕೆಯಾಗಿ ಹರಡಿದರೆ, ಅಥವಾ ಯಂತ್ರದಿಂದ ಪುಡಿ ಮಾಡಿಸಿದರೆ ನೆಲದ ತೇವ ಉಳಿಯುತ್ತದೆ, ಕಸ ಹುಟ್ಟುವುದು ಕಡಿಮೆಯಾಗುತ್ತದೆ, ಒಂದೆರಡು ನೀರು ಉಳಿತಾಯವಾಗುತ್ತದೆ. ಪುಡಿ ಮಾಡುವ ಯಂತ್ರವನ್ನು ಒಬ್ಬ ರೈತ ಕೊಳ್ಳಲಾರ. ಸಕ್ಕರೆ ಕಾರ್ಖಾನೆಗಳು ಮತ್ತು ಸಹಕಾರ ಸಂಘಗಳು ಬಾಡಿಗೆಗೆ ಒದಗಿಸಬೇಕು.

ಎರಡನೆಯ ರೂಢಿ ಒಡ್ಡು ಸುಡುವುದು. ಯುಗಾದಿಯ ಆಸುಪಾಸಿನಲ್ಲಿ ಹೊಲ ಹಸನು ಮಾಡುವಾಗ ಒಡ್ಡಿನ ಹುಲ್ಲಿಗೆ, ಕಂಟಿಗೆ ಬೆಂಕಿ ಹಾಕುತ್ತೇವೆ. ಅದು ರಸ್ತೆ ಬದಿಗೆ ಓಡಿ, ಅಜ್ಜನ ಕಾಲದ ಬೇವು, ಹುಣಸೆ, ಆಲದ ಬುಡ ಹಿಡಿಯುತ್ತದೆ. ಮರ ಆ ದಿನ ಸಾಯುವುದಿಲ್ಲ. ಬುಡ ಪೊಟರೆಯಾಗುತ್ತದೆ, ಮುಂದಿನ ವರ್ಷ ಮತ್ತೆ ಅದೇ ಪೊಟರೆಯಲ್ಲಿ ಬೆಂಕಿ ಕೂರುತ್ತದೆ, ಕೊನೆಗೆ ಮೇ ತಿಂಗಳ ಗಾಳಿಮಳೆಗೆ ಉರುಳುತ್ತದೆ. ಒಂದು ಕಡೆ ಕೋಟಿ ಸಸಿ ನೆಡುತ್ತಾ ಇನ್ನೊಂದು ಕಡೆ ನೂರು ವರ್ಷದ ಮರವನ್ನು ಬುಡದಿಂದ ಸುಡುವ ಜಿಲ್ಲೆ ಹಸಿರಾಗುವುದು ಹೇಗೆ? ಕಾಡೇ ಇಲ್ಲದ ಸೀಮೆಯಲ್ಲಿ ರಸ್ತೆ ಬದಿಯ ಮರಗಳೇ ನಮ್ಮ ಕಾಡು.

ಇಲ್ಲಿ ಯಾರಾದರೂ ಕೇಳಬಹುದು: ಸೋಲಿಗರ ಬೆಂಕಿ ಒಳ್ಳೆಯದಾದರೆ ನಮ್ಮ ಬೆಂಕಿ ಕೆಟ್ಟದ್ದು ಹೇಗೆ? ಉತ್ತರ ನೇರವಾಗಿದೆ. ಸೋಲಿಗರು ನೆಲ ತೇವವಾಗಿದ್ದಾಗ, ಸಮುದಾಯದ ಕಟ್ಟಳೆಯೊಳಗೆ, ಆ ಬೆಟ್ಟದ ಮರಗಳ ಗುಣ ಬಲ್ಲವರಾಗಿ ಬೆಂಕಿ ಕೊಡುತ್ತಿದ್ದರು. ನಾವು ಕೊಡುವುದು ಉರಿಬಿಸಿಲಿನಲ್ಲಿ, ಒಬ್ಬೊಬ್ಬರಾಗಿ, ಕಾವಲಿಲ್ಲದೆ. ಆಸ್ಟ್ರೇಲಿಯಾದ ಉತ್ತರ ಭಾಗದ ಆರ್ನೆಮ್ ಲ್ಯಾಂಡಿನಲ್ಲಿ ಮೂಲನಿವಾಸಿಗಳು 2006ರಿಂದ ಸರ್ಕಾರದ ಜೊತೆ ಸೇರಿ ಒಣಕಾಲದ ಆರಂಭದಲ್ಲೇ ಸಣ್ಣ ತಂಪು ಬೆಂಕಿಗಳನ್ನು ಕೊಟ್ಟು, ಒಣಕಾಲದ ಕೊನೆಯ ದೊಡ್ಡ ಬೆಂಕಿಯನ್ನು ತಗ್ಗಿಸಿದ್ದಾರೆ. ಅಲ್ಲಿಯೂ ಬೆಂಕಿಗೆ ಕಾಲ, ಲೆಕ್ಕ, ಹೊಣೆಗಾರರು ಇದ್ದಾರೆ. ಹೊಣೆಯಿಲ್ಲದ ಬೆಂಕಿಗೆ ಸಂಪ್ರದಾಯದ ಹೆಸರು ಕೊಡಬಾರದು.

ಮೂರನೆಯ ಸಂಗತಿ ನಮ್ಮ ಗಾಯರಾಣ ಮತ್ತು ಮಡ್ಡಿ ನೆಲಗಳದ್ದು. ಇವನ್ನು ಬಂಜರು ಎಂದು ಕರೆದು ಕೈಬಿಟ್ಟಿದ್ದೇವೆ. ಚಿಗರಿ ಮೇಯುವುದು, ತೋಳ ಅಡಗುವುದು, ಕುರಿ ಹಿಂಡು ಬದುಕುವುದು ಈ ಹುಲ್ಲಿನಲ್ಲಿ. ಕುರಿ ದನ ಮೇಯುವ ತನಕ ಹುಲ್ಲು ಹೆಚ್ಚು ಕೂಡಿಬೀಳುವುದಿಲ್ಲ. ಅಲ್ಲಿ ಬಳ್ಳಾರಿ ಜಾಲಿ ಹಬ್ಬಿದಾಗ ಮೇವು ಹೋಗಿ, ಕಂಟಿ ಉಳಿಯುತ್ತದೆ. ಮಡ್ಡಿಯನ್ನು ಕಾಡು ಮಾಡುವ ಉತ್ಸಾಹದಲ್ಲಿ ಒಂದೇ ಜಾತಿಯ, ಬೇಗ ಬೆಳೆಯುವ ಗಿಡಗಳನ್ನು ಒತ್ತೊತ್ತಾಗಿ ನೆಟ್ಟರೆ, ಒಣ ಎಲೆಯ ಹಾಸು ಬಿದ್ದು ಬೆಂಕಿಗೆ ನಾವೇ ಮೇವು ಒದಗಿಸಿದಂತೆ. ಹುಲ್ಲಿಗೆ ಹುಲ್ಲಿನ ಜಾಗ ಬಿಡಬೇಕು. ಮರ ನೆಡುವಲ್ಲಿ ಬೇವು, ಬನ್ನಿ, ಹುಣಸೆ, ಹೊಂಗೆ, ಆಲ, ಅರಳಿ, ಬೋರೆಯಂಥ ಈ ಮಣ್ಣಿನ ಗಿಡಗಳನ್ನು ಬೆರೆಸಿ ನೆಡಬೇಕು. ಕೃಷ್ಣೆಯ ಆಚೆ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಕ್ಕಾಗಿ 2016ರಲ್ಲಿ ವನ್ಯಧಾಮ ಮಾಡಿದ್ದಾರೆ. ಕುರುಚಲು ಕಾಡಿಗೂ ತನ್ನದೇ ಬೆಲೆಯಿದೆ ಎಂಬುದಕ್ಕೆ ಅದೊಂದು ಸಾಕ್ಷಿ.

ಇಷ್ಟು ಹೇಳಿದ ಮೇಲೆ, ನಮ್ಮಿಂದ ಆಗಬೇಕಾದ ಕೆಲಸಗಳನ್ನು ಒಟ್ಟುಮಾಡಿ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಬೆಂಕಿಯ ಸಿದ್ಧತೆ ಮಳೆಗಾಲ ಮುಗಿದಾಗಲೇ ಆರಂಭವಾಗಲಿ. ನೆಡುತೋಪುಗಳ ಸುತ್ತ, ಕಾಲುವೆ ಬದಿಯ ಗಿಡಗಳ ಸುತ್ತ ಡಿಸೆಂಬರ್ ಜನವರಿಯಲ್ಲೇ ಹುಲ್ಲು ಕೊಯ್ದು ಬೆಂಕಿ ರೇಖೆ ಮಾಡಬೇಕು. ಕೊಯ್ದ ಹುಲ್ಲು ಊರಿನ ದನಗಳಿಗೆ ಹೋಗಲಿ. ಇಂಧನವೂ ಕಡಿಮೆಯಾಗುತ್ತದೆ, ಮೇವಿನ ಬರವೂ ತಗ್ಗುತ್ತದೆ.

ಎರಡನೆಯದು, ಜನರಿಗೆ ಪಾಲು ಮತ್ತು ಹೊಣೆ ಎರಡೂ ಇರಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು. ನಮ್ಮಲ್ಲಿ ಗ್ರಾಮ ಅರಣ್ಯ ಸಮಿತಿ, ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಕಾಗದದಲ್ಲಿವೆ. ಅವು ಗಾಯರಾಣದ ಹುಲ್ಲು, ಗಿಡದ ಹಣ್ಣು, ಒಣಕಟ್ಟಿಗೆಯ ಬಗ್ಗೆ ತೀರ್ಮಾನ ಮಾಡುವ ಸಮಿತಿಗಳಾದರೆ ಬೆಂಕಿ ಬಿದ್ದಾಗ ಓಡಿಬರುವ ಕೈಗಳೂ ಹೆಚ್ಚುತ್ತವೆ.

ಮೂರನೆಯದು, ಮಾಹಿತಿ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 2004ರಿಂದ ಉಪಗ್ರಹಗಳ ನೆರವಿನಿಂದ ಬೆಂಕಿಯ ಎಚ್ಚರಿಕೆ ಕಳಿಸುತ್ತಿದೆ. ಹೆಸರು ನೋಂದಾಯಿಸಿದ ಯಾರ ಮೊಬೈಲಿಗಾದರೂ ಅದು ಬರುತ್ತದೆ. ಕಾಲೇಜಿನ ಎನ್‌ಎಸ್‌ಎಸ್ ಘಟಕಗಳು ಈ ಎಚ್ಚರಿಕೆಗಳನ್ನು ಗಮನಿಸಿ, ತಮ್ಮ ತಾಲೂಕಿನಲ್ಲಿ ಎಲ್ಲಿ, ಯಾವ ತಿಂಗಳು, ಯಾಕೆ ಬೆಂಕಿ ಬಿತ್ತು ಎಂಬ ದಾಖಲೆ ಇಡಲಿ. ಐದು ವರ್ಷದ ದಾಖಲೆ ಕೈಯಲ್ಲಿದ್ದರೆ ಪಂಚಾಯಿತಿ ಎಲ್ಲಿ ಮೊದಲು ಹುಲ್ಲು ಕೊಯ್ಯಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ನಾಲ್ಕನೆಯದು, ಪ್ರತಿ ಊರಿನ ಹಳೆಯ ಮರಗಳ ಪಟ್ಟಿ. ಯಾವ ರಸ್ತೆಯಲ್ಲಿ ಎಷ್ಟು ಬೇವು, ಎಷ್ಟು ಹುಣಸೆ, ಎಷ್ಟರ ಬುಡ ಸುಟ್ಟಿದೆ ಎಂಬುದನ್ನು ಮಕ್ಕಳು ಎಣಿಸಲಿ. ಬುಡದ ಸುತ್ತ ಹತ್ತು ಅಡಿ ಹುಲ್ಲು ಕೆರೆದರೆ ಆ ಮರ ಉಳಿಯುತ್ತದೆ. ಒಂದು ಗುದ್ದಲಿ, ಒಂದು ತಾಸಿನ ದುಡಿಮೆ ಸಾಕು.

ಬಸವಣ್ಣನವರು ಹುಟ್ಟಿದ ಈ ನೆಲದಲ್ಲಿ ಕಾಯಕದ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ಭೂಮಿ ಬಿಸಿಯಾಗುವುದನ್ನು ಒಂದು ಜಿಲ್ಲೆ ಒಬ್ಬಂಟಿಯಾಗಿ ತಡೆಯಲಾರದು. ಅದಕ್ಕೆ ದೇಶಗಳ ನಡುವೆ ಒಪ್ಪಂದಗಳು ಬೇಕು, ಅವು ಜಾರಿಯಾಗಬೇಕು. ಆದರೆ ಒಡ್ಡಿಗೆ ಬೆಂಕಿ ಹಾಕದಿರುವುದು, ರವದಿಯನ್ನು ಮಣ್ಣಿಗೆ ಸೇರಿಸುವುದು, ತೋಪಿನ ಸುತ್ತ ಹುಲ್ಲು ಕೊಯ್ಯುವುದು, ಬೆಂಕಿ ಕಾಯುವ ದಿನಗೂಲಿಯವರಿಗೆ ನ್ಯಾಯ ಒದಗಿಸುವುದು ಯಾವ ಒಪ್ಪಂದಕ್ಕೂ ಕಾಯಬೇಕಾದ ಕೆಲಸಗಳಲ್ಲ. ಈ ನಾಲ್ಕು ತಾಲೂಕುಗಳ ಪ್ರತಿ ಗ್ರಾಮ ಪಂಚಾಯಿತಿ ಬರುವ ಬೇಸಗೆಗೆ ಮುಂಚೆ ಗ್ರಾಮಸಭೆ ಕರೆದು, ತನ್ನ ಸರಹದ್ದಿನಲ್ಲಿ ಒಡ್ಡು ಮತ್ತು ರವದಿ ಸುಡುವುದಿಲ್ಲ ಎಂಬ ಠರಾವು ಮಾಡಲಿ, ಅದನ್ನು ಕಾಯಲು ಊರಿನ ಯುವಕ ಯುವತಿಯರ ಒಂದು ತಂಡ ಕಟ್ಟಲಿ ಎಂದು ನಿಮ್ಮೆಲ್ಲರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.